ನೆಲ್ಲಿಕಾಯಿ ತಿಂದು ಬಿಯರಿಗೆ ಅಂಕ ಕೊಟ್ಟೆವು

ಇದು ನಡೆದದ್ದು ೧೯೯೩ರಲ್ಲಿ, ತುಳಸಿ ಹಬ್ಬದ ಮಾರನೆಯ ದಿನ. ವರ್ಷ ೯೨ ಇದ್ದರೂ ಇರಬಹುದು. ಹಬ್ಬದ ಮಾರನೆಯ ದಿನ ಎನ್ನುವುದು ಮಾತ್ರ ಖಂಡಿತ, ಏಕೆಂದರೆ ಆವತ್ತಿನ ಎಡವಟ್ಟಿಗೆಲ್ಲ ಹಬ್ಬದ ನೆಲ್ಲಿಕಾಯಿಯೇ ಕಾರಣ. ಈ ಕಥೆಯನ್ನು ನಾನು ಸ್ನೇಹಿತರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಸಲ ಅದು ಸ್ವಲ್ಪ ಸ್ವಲ್ಪ ನನ್ನ ಪರವಾಗಿ ವಾಲಿದೆ ಎಂಬ ಅನುಮಾನ ನನಗಿದೆ. ಅದಕ್ಕೇ ಇಲ್ಲಿ, ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ಜೀವರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನೆಲಮಂಗಲದಾಚೆ ತುಮಕೂರು ರಸ್ತೆಯ ಪಕ್ಕದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಸೇರಿ ಐದು ತಿಂಗಳಾಗಿತ್ತು. ಕೆಲಸ ಕಾಯಂ ಆಗಲು ಇನ್ನೊಂದು ತಿಂಗಳಿತ್ತು. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅಪ್ಪನಿಗೆ ಗೊತ್ತಿತ್ತು. ಅಮ್ಮನಿಗೆ "ಮಾಲ್ಟ್ ಫ್ಯಾಕ್ಟರಿ" ಎಂದು ಹೇಳಿದ್ದೆ. ಮೊಳಕೆ ಬರಿಸಿ ಒಣಗಿಸಿದ ಧಾನ್ಯಕ್ಕೆ ಮಾಲ್ಟ್ ಎನ್ನುತ್ತಾರೆ, ಬಿಯರಿಗೆ ಅದೇ ಮೂಲ, ಆದ್ದರಿಂದ ಪೂರ್ತಿ ಸುಳ್ಳೇನಲ್ಲ. ಅಮ್ಮ ಅದನ್ನು ಮಕ್ಕಳ ಹಾಲಿಗೆ ಬೆರೆಸುವ ಪುಡಿ ಎಂದುಕೊಂಡಳು. ನಾನು ತಿದ್ದಲಿಲ್ಲ. ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಲವಂಗ ಜಗಿಯುತ್ತಾ ಊರಿಗೆ ಬರುತ್ತಿದ್ದೆ.

ದೊಡ್ಡ ಕಂಪನಿಗಳ ಬಿಯರಿನ ಮುಂದೆ ನಮ್ಮದು ಮಾರಾಟವಾಗುತ್ತಿರಲಿಲ್ಲ. "ಈ ಸೀಮೆಯದ್ದೇ ಅನ್ನೋ ಒಂದು ರುಚಿ ಹುಡುಕಿ" ಎಂದು ಮಾಲೀಕರು ಹೇಳಿದ್ದರು. ಹಾಗಾಗಿ ಎರಡು ಪ್ರಯೋಗಗಳು ನಡೆದಿದ್ದವು. ಒಂದು ನನ್ನದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವನ್ನು ದುಪ್ಪಟ್ಟು ಹಾಕಿದ ಬಿಯರ್. ಇನ್ನೊಂದು ಬಿಯರ್ ತಯಾರಿಸುವ ನಮ್ಮ ಹಿರಿಯ ಬ್ರೂವರ್ ಪಿಂಟೋ ಅವರದು. ಅವರು ಬಾರ್ಲಿಯ ಜೊತೆ ಮೊಳಕೆ ರಾಗಿ ಸೇರಿಸಿದ್ದರು.

ರಾಗಿ ಮೊಳಕೆ ಕಟ್ಟುತ್ತಿದ್ದವರು ಸೋಂಪುರದ ಕಡೆಯ ನರಸಮ್ಮ ಎಂಬ ಹೆಂಗಸು, ವಯಸ್ಸು ನಲವತ್ತೈದರ ಆಸುಪಾಸು. ಅದಕ್ಕೂ ಮೊದಲು ಜಲ್ಲಿ ಒಡೆಯುವ ಕಡೆ ಕೂಲಿಗಿದ್ದರು. ದೂಳು ಕುಡಿದು ಕುಡಿದು ಕೆಮ್ಮು ಹತ್ತಿತ್ತು, ರಾಗಿ ಕೆಲಸ ಸಿಕ್ಕಿದ ಮೇಲೆ ಅದು ಕಡಿಮೆಯಾಗಿತ್ತು. ನೆನೆಸಿದ ರಾಗಿಯನ್ನು ರಾಗಿ ಕೋಣೆಯ ಸಿಮೆಂಟ್ ನೆಲದ ಮೇಲೆ ಹರಡಿ, ಒದ್ದೆ ಗೋಣಿಚೀಲ ಹೊದಿಸಿ, ಗಳಿಗೆಗೊಮ್ಮೆ ರಾಶಿಯೊಳಗೆ ಕೈ ತೂರಿಸಿ ಕಾವು ನೋಡುತ್ತಿದ್ದರು. ನನ್ನ ಥರ್ಮಾಮೀಟರನ್ನು ಅವರು ಒಂದು ದಿನವೂ ಮುಟ್ಟಲಿಲ್ಲ. "ಅದು ಬರೀ ಬಿಸಿ ಹೇಳ್ತದೆ ಸಾಮಿ, ಮೊಳಕೆಗೆ ಉಸಿರು ಕಟ್ತಾ ಐತಾ ಇಲ್ವಾ ಅಂತ ಹೇಳ್ತದಾ?" ಎಂದಿದ್ದರು.

ಆ ದಿನ, ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ ರುಚಿ ಪರೀಕ್ಷೆ. ನಾವು ಐದು ಜನ: ಮ್ಯಾನೇಜರ್ ರಂಗನಾಥ್, ಪಿಂಟೋ, ಸ್ಟೋರ್ಸ್ ನೋಡಿಕೊಳ್ಳುವ ಗಂಗಯ್ಯ, ಆಫೀಸಿನ ಒಬ್ಬ ಗುಮಾಸ್ತರು ಮತ್ತು ನಾನು. ಬಣ್ಣ, ನೊರೆ, ವಾಸನೆ, ರುಚಿ, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು, ಇವಿಷ್ಟಕ್ಕೂ ಹತ್ತರಲ್ಲಿ ಇಷ್ಟೆಂದು ಅಂಕ ಕೊಡಬೇಕು. ಯಾವುದು ಗೆಲ್ಲುತ್ತದೋ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು, ಇನ್ನೊಂದನ್ನು ಕೈಬಿಡುವುದು ಎಂದು ತೀರ್ಮಾನವಾಗಿತ್ತು.

"ಬೆಳಗ್ಗೆ ಹನ್ನೊಂದಕ್ಕೆ ಕುಡಿಸಿ, ಮೇಲೆ ಸಂಬಳಾನೂ ಕೊಡೋ ಕಂಪನಿ ಇನ್ನೆಲ್ಲೈತೆ ಗುರು?" ಎಂದು ಗಂಗಯ್ಯ ಕುರ್ಚಿ ಎಳೆದುಕೊಂಡ.

"ಒಂದೊಂದು ಗುಟುಕು ಅಷ್ಟೇ ಕಣಯ್ಯ. ಹೋದ್ಸಲ ಪೂರ್ತಿ ಗ್ಲಾಸ್ ಇಳಿಸಿ, ಮೂರಕ್ಕೂ ಹತ್ತಕ್ಕೆ ಹತ್ತು ಬರ್ದಿದ್ದೆ" ಎಂದರು ರಂಗನಾಥ್.

ಗ್ಲಾಸುಗಳಿಗೆ ತುಂಬಿದವನು ನಾನೇ. ಒಂದನೆಯದು ನಮ್ಮ ಎಂದಿನ ಬಿಯರ್, ಎರಡನೆಯದು ನನ್ನದು, ಮೂರನೆಯದು ರಾಗಿಯದು. ತುಂಬಿದವನು ಅಂಕ ಕೊಡಬಾರದು. ಅದು ಗೊತ್ತಿದ್ದೂ, ಜನ ಸಾಲದೆಂದು ನಾನೂ ಕೂತೆ.

ಹಿಂದಿನ ದಿನ ಮನೆಯಲ್ಲಿ ತುಳಸಿ ಪೂಜೆಯಾಗಿತ್ತು. ತುಳಸಿಕಟ್ಟೆಯಲ್ಲಿ ಬೆಟ್ಟದ ನೆಲ್ಲಿಯ ಕೊಂಬೆ ಸಿಕ್ಕಿಸಿ ಪೂಜೆ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಉಳಿದ ಕಾಯಿಗಳನ್ನು ಅಮ್ಮ ಉಪ್ಪು ಸವರಿ ಒಂದು ಡಬ್ಬಿಗೆ ತುಂಬಿ, "ನಿನ್ ಜೊತೆಯೋರಿಗೂ ಕೊಡು, ನಿನ್ ಬಾಯಿಗೂ ಒಳ್ಳೇದು" ಎಂದಿದ್ದಳು. ಬಾಯಿಗೆ ಒಳ್ಳೆಯದು ಎಂದು ಅವಳು ಯಾವ ಅರ್ಥದಲ್ಲಿ ಹೇಳಿದಳೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಒಂದನೆಯ ಗ್ಲಾಸಿಗೆ ಅಂಕ ಹಾಕಿ ಮುಗಿದ ಮೇಲೆ ಡಬ್ಬಿ ಮೇಜಿನ ಮೇಲೆ ಬಂತು. "ನಾಲಿಗೆ ತೊಳೆದ ಹಾಗಾಗುತ್ತೆ, ತಗೊಳ್ಳಿ" ಎಂದು ನಾನು ಹೇಳಿದ್ದು ಸರಿಯಾಗಿ ನೆನಪಿದೆ. ಆದರೆ ಡಬ್ಬಿಯನ್ನು ಆಗಲೇ ಏಕೆ ತೆಗೆದೆ? ಗಂಗಯ್ಯ ನನ್ನ ಚೀಲ ಹುಡುಕಿ ತೆಗೆದನೇ, ಅಥವಾ ನನ್ನ ಬಿಯರಿಗೆ ಸ್ವಲ್ಪ ಮುಂಚೆ ನಾನೇ ಬೇಕೆಂದು ತೆಗೆದೆನೇ? ಗಂಗಯ್ಯನೇ ತೆಗೆದ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಗೊತ್ತಿಲ್ಲ.

ಎಲ್ಲರೂ ನೆಲ್ಲಿಕಾಯಿ ಜಗಿದು, ಎರಡನೆಯ ಗ್ಲಾಸು ಎತ್ತಿದರು. ರಂಗನಾಥ್ ಹುಬ್ಬೇರಿಸಿದರು. "ಆಹಾ, ಕಹಿ ಇದೆ, ಹಿಂದೇನೇ ಒಂಥರಾ ಸಿಹಿ ಬರುತ್ತಲ್ರೀ!" ಪಿಂಟೋ ಕೂಡ ತಲೆದೂಗಿದರು. ನನ್ನ ಎದೆ ಉಬ್ಬಿತು. ಅದರ ಚರ್ಚೆಯೇ ಹತ್ತು ನಿಮಿಷ ನಡೆಯಿತು. ಅಷ್ಟರಲ್ಲಿ ಬಾಯಿಯ ಸಿಹಿ ಹೋಗಿ ಒಗರು ಉಳಿದಿತ್ತು. ಮೂರನೆಯದನ್ನು ಕುಡಿದ ಗಂಗಯ್ಯ ಮುಖ ಕಿವುಚಿದ. "ಇದೇನ್ ಗುರು, ಬಾಳೆಕಾಯಿ ಸಿಪ್ಪೆ ಅಗ್ದಂಗೈತೆ." ರಾಗಿಯಲ್ಲಿ ತನ್ನದೇ ಆದ ಸಣ್ಣ ಒಗರಿರುತ್ತದೆ. ಎರಡೂ ಸೇರಿ ನಾಲಿಗೆ ಒಣಗಿಸಿದವು. ನನ್ನ ಬಿಯರಿಗೆ ಎಂಟು, ಒಂಬತ್ತು ಬಿದ್ದವು. ರಾಗಿಗೆ ಯಾರೂ ಐದರ ಮೇಲೆ ಹಾಕಲಿಲ್ಲ.

ರಂಗನಾಥ್ ಹಾಳೆಗಳನ್ನು ಜೋಡಿಸಿಕೊಂಡು ಎದ್ದರು. "ಕಂಗ್ರಾಜುಲೇಷನ್ಸ್ ಕಣಯ್ಯ. ಮಧ್ಯಾಹ್ನವೇ ಮಾಲೀಕರಿಗೆ ಫೋನ್ ಮಾಡ್ತೀನಿ. ರಾಗಿ ಕೋಣೆ ಮುಚ್ಚಿಬಿಡೋಣ. ನರಸಮ್ಮಂಗೆ ಸೋಮವಾರದಿಂದ ಬರೋದು ಬೇಡ ಅಂತ ನೀನೇ ಹೇಳ್ಬಿಡು."

ಪಿಂಟೋ ಕನ್ನಡಕ ಒರೆಸಿಕೊಂಡು ಹೊರಗೆ ಹೋದರು.

ನಾನು ರಾಗಿ ಕೋಣೆಗೆ ಹೋದಾಗ ನರಸಮ್ಮ ಗೋಣಿಗೆ ನೀರು ಚಿಮುಕಿಸುತ್ತಿದ್ದರು. "ಚಪ್ಪಲಿ ಆಚೆ ಬಿಡಿ ಸಾಮಿ" ಎಂದರು. ಬಿಟ್ಟು ಬಂದೆ. ಹೇಳಬೇಕಾದ ಮಾತನ್ನು ಮುಂದೂಡಲು ಡಬ್ಬಿ ತೆರೆದು, "ಹಬ್ಬದ್ದು, ತಗೊಳ್ಳಿ" ಎಂದೆ.

"ಅಮ್ಮಾರು ಕೊಟ್ಟಿದ್ದಾ?" ಎಂದು ಒಂದು ಕಾಯಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಜಗಿದರು. ಆಮೇಲೆ ಮೂಲೆಯಲ್ಲಿದ್ದ ಚೊಂಬೆತ್ತಿ ಗಟಗಟ ಕುಡಿದರು. "ಹಾ! ನೋಡಿ, ಈ ಬೋರ್‌ವೆಲ್ ಉಪ್ಪು ನೀರೂ ಪಾನಕ ಆಗೋಯ್ತು. ನಮ್ ಹುಡುಗ್ರು ಇದಕ್ಕೇ ನೆಲ್ಲಿಕಾಯಿ ಕದಿಯೋದು." ನಂತರ ಕೇಳಿದರು, "ಏನಂದ್ರು ನಮ್ ರಾಗೀನ?"

"ಅಂಕ ಕಡಿಮೆ ಬಂತು."

"ಯಾಕಂತೆ?"

"ಒಗರು ಅಂದ್ರು."

ಅವರು ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. "ಇದನ್ನ ತಿಂದ್ಬುಟ್ಟು ಕುಡುದ್ರಾ?" ಎಂದು ಅವರು ಕೇಳಿದರು ಎಂದು ಈಗ ನನಗೆ ಅನ್ನಿಸುತ್ತದೆ. ಮೊದಲೆಲ್ಲ ಈ ಕಥೆ ಹೇಳುವಾಗ ಆ ಪ್ರಶ್ನೆ ಇರುತ್ತಿರಲಿಲ್ಲ, ಎಲ್ಲವೂ ನನ್ನ ತಲೆಗೇ ಹೊಳೆದ ಹಾಗೆ ಹೇಳುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನ ಶಾಸ್ತ್ರ ಓದಿದವನಿಗೆ, ಚಿಕ್ಕಂದಿನಲ್ಲಿ ಶಾಲೆಯ ನಲ್ಲಿಯ ಹತ್ತಿರ ನೆಲ್ಲಿಕಾಯಿ ತಿಂದು ನೀರು ಕುಡಿದು ತಾನೇ ಆಡಿದ ಆಟ ನೆನಪಾಗಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ.

"ಬರ್ತೀನಿ" ಎಂದು ಲ್ಯಾಬಿಗೆ ಓಡಿದೆ. ಬಾಗಿಲು ಹಾಕಿಕೊಂಡು, ಬಾಯಿಯನ್ನು ಮತ್ತೆ ಮತ್ತೆ ಮುಕ್ಕಳಿಸಿ, ಅರ್ಧ ಗಂಟೆ ಸುಮ್ಮನೆ ಕೂತು ನನ್ನ ಬಿಯರನ್ನು ಕುಡಿದೆ. ಬರೀ ಕಹಿ, ಕಷಾಯದಂಥ ಕಹಿ. ಗಂಟಲಿಗೆ ಇಳಿಯಲೊಲ್ಲದು. ಒಂದು ನೆಲ್ಲಿಕಾಯಿ ತಿಂದು ಮತ್ತೆ ಕುಡಿದೆ. ಅದೇ ಬಿಯರು ಮೆತ್ತಗಾಯಿತು.

ಇದನ್ನು ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ನನ್ನ ಬಿಯರ್ ಗೆದ್ದಿತ್ತು, ತಿಂಗಳೊಳಗೆ ಕೆಲಸ ಕಾಯಂ ಆಗುತ್ತಿತ್ತು. ಹೇಳಿದರೆ ಪರೀಕ್ಷೆಯನ್ನೇ ಕೆಡಿಸಿದ ಕೆಮಿಸ್ಟ್ ಎಂಬ ಹೆಸರು. ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ತುಂಬ ಹೊತ್ತು ಕೂತಿದ್ದೆ. ಒಳಗಿನಿಂದ ನರಸಮ್ಮನ ಹೆಸರು ಕೇಳಿಸಿತು. ಯಾರೋ ಅವರ ಲೆಕ್ಕ ಚುಕ್ತಾ ಮಾಡುವ ಮಾತಾಡುತ್ತಿದ್ದರು. ಜಲ್ಲಿಯ ದೂಳು, ಆ ಕೆಮ್ಮು ಜ್ಞಾಪಕಕ್ಕೆ ಬಂದು ಎದ್ದು ಒಳಗೆ ಹೋದೆ.

"ಸಾರ್, ಮಾಲೀಕರಿಗೆ ಫೋನ್ ಮಾಡ್ಬೇಡಿ. ಬೆಳಗ್ಗೆ ಹಾಕಿದ ಅಂಕ ಎಲ್ಲಾ ಸುಳ್ಳು."

ರಂಗನಾಥ್ ನಂಬಲಿಲ್ಲ. ಇದನ್ನು ತಿಂದು ಮೇಜಿನ ಮೇಲಿರುವ ನೀರನ್ನೇ ಕುಡಿಯಿರಿ ಎಂದು ಒಂದು ನೆಲ್ಲಿಕಾಯಿ ಕೊಟ್ಟೆ. ಅವರು ಜಗಿದು, ನೀರು ಕುಡಿದು, ಲೋಟವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಬೈದರು. "ಎಂ.ಎಸ್ಸಿ. ಮಾಡಿದೀನಿ ಅಂತೀಯಾ! ಹಬ್ಬದ ಪ್ರಸಾದ ಹಂಚೋಕೆ ಇದೇನು ನಿಮ್ಮ ಮನೆ ಜಗಲೀನಾ? ನಿನ್ ಬಿಯರು ಅಂತ ನೀನೇ ಮಸಾಲೆ ಹಾಕಿದ್ಯೇನಯ್ಯಾ?"

ಆ ಕೊನೆಯ ಪ್ರಶ್ನೆಗೆ ನಾನು "ಇಲ್ಲ ಸಾರ್" ಎಂದೆ. ಅಷ್ಟು ಬೇಗ ಏಕೆ ಹಾಗೆಂದೆನೋ.

ಅವರು ಬೈಯುವಷ್ಟು ಬೈದು, ಸೋಮವಾರ ಮತ್ತೆ ಪರೀಕ್ಷೆ ಎಂದರು. ಈ ಸಲ ಗ್ಲಾಸು ತುಂಬುವ ಕೆಲಸ ಗಂಗಯ್ಯನದು, ನನ್ನನ್ನು ಲ್ಯಾಬಿನಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದ. ಒಬ್ಬೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಗ್ಲಾಸು ಇಟ್ಟ. ನಡುವೆ ತಿನ್ನಲು ಬರೀ ಕಡ್ಲೆಪುರಿ ಮತ್ತು ನೀರು. "ಯಾರ್ ಜೇಬಲ್ಲಾದ್ರೂ ಹಬ್ಬದ ಐಟಂ ಇದ್ರೆ ಈಗ್ಲೇ ತೆಗೀರಪ್ಪಾ" ಎಂದು ನನ್ನ ಜೇಬು ತಡವಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಮುಂದಿದ್ದ ಮೂರರಲ್ಲಿ ಮಧ್ಯದ್ದಕ್ಕೆ ನಾನು ಎಂಟು ಹಾಕಿದೆ. ಅಂಬಲಿಯ ತಂಪಿನಂಥ ಏನೋ ಒಂದು ಅದರಲ್ಲಿತ್ತು, ಕುಡಿದ ಮೇಲೂ ಹಿತವಾಗಿ ಉಳಿಯಿತು. ಇದೇ ನನ್ನ ಬಿಯರು, ಬಹುಶಃ ಎರಡು ದಿನದಲ್ಲಿ ಹದವಾಗಿದೆ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ಗಂಗಯ್ಯ ಪಟ್ಟಿ ಓದಿದಾಗ ಅದು ರಾಗಿಯದು. ನನ್ನ ಬಿಯರಿಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟವನು ನಾನೇ.

ರಾಗಿ ಭಾರೀ ಗೆಲುವನ್ನೇನೂ ಪಡೆಯಲಿಲ್ಲ. ಎಂದಿನ ಬಿಯರಿಗಿಂತ ಸ್ವಲ್ಪ ಮೇಲೆ ನಿಂತಿತು, ಅಷ್ಟೇ. ಆದರೆ ಅಷ್ಟು ಸಾಕಾಯಿತು. ಪಿಂಟೋ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಾಪ್ಸ್ ಅರ್ಧ ಮಾಡು, ನಿಂದೂ ಕುಡಿಯೋ ಹಾಗಾಗುತ್ತೆ" ಎಂದರು. ಮರುತಿಂಗಳು ನನ್ನ ಕೆಲಸ ಕಾಯಂ ಆಯಿತು. ರಂಗನಾಥ್ ಅದರ ಕಾಗದ ಕೊಡುವಾಗಲೂ ಇನ್ನೊಂದು ಸಲ ಬೈದರು. ರಾಗಿ ಬಿಯರು ಕೆಲವು ವರ್ಷ ಸುತ್ತಲಿನ ಊರುಗಳಲ್ಲಿ ಮಾರಾಟವಾಯಿತು. ರಾಗಿ ಕೋಣೆಗೆ ಇನ್ನೂ ಇಬ್ಬರು ಹೆಂಗಸರು ಬಂದರು. ರಾಶಿಯೊಳಗೆ ಕೈ ತೂರಿಸಿ ಕಾವು ನೋಡುವುದನ್ನು ನರಸಮ್ಮ ಅವರಿಗೂ ಕಲಿಸಿದರು. ನಾನೂ ಕಲಿತೆ.

ಮರುಪರೀಕ್ಷೆ ನಡೆದ ಸೋಮವಾರ ಬೆಳಗ್ಗೆ ನರಸಮ್ಮ ಎಂದಿನಂತೆಯೇ ಬಂದಿದ್ದರು. ಬರಬೇಡಿ ಎಂದು ನಾನು ಹೇಳಿರಲೇ ಇಲ್ಲವಲ್ಲ. ಆ ಎರಡು ಮೂರು ದಿನ ತಮ್ಮ ಕೆಲಸ ಹೋಗುವುದರಲ್ಲಿತ್ತು ಎಂಬುದು ಅವರಿಗೆ ಯಾವತ್ತೂ ತಿಳಿಯಲಿಲ್ಲ. ಬಹಳ ದಿನಗಳ ಮೇಲೆ ಒಮ್ಮೆ, ರಾಗಿ ಕೆದರುತ್ತಾ ಅವರೇ ಕೇಳಿದರು:

"ಆವತ್ತು ನೆಲ್ಲಿಕಾಯಿ ಹಿಡ್ಕೊಂಡು ಬಂದಿದ್ರಲ್ಲ ಸಾಮಿ, ಏನೋ ಹೇಳಕ್ಕೆ ಬಂದಂಗಿತ್ತು. ಸಾವಿನ ಸುದ್ದಿ ತಂದೋರಂಗಿತ್ತು ನಿಮ್ ಮುಖ."

"ಏನಿಲ್ಲ ನರಸಮ್ಮ, ಸುಮ್ನೆ ಬಂದಿದ್ದೆ" ಎಂದೆ.

"ಸುಳ್ಳು ಹೇಳಕ್ಕೂ ಬರಕಿಲ್ಲ ನಿಮ್ಗೆ" ಎಂದು ನಕ್ಕು, ಮತ್ತೆ ಕೆಲಸಕ್ಕೆ ಬಾಗಿದರು. ಆ ನಗುವಿನಲ್ಲಿ ಕೆಮ್ಮು ಇರಲಿಲ್ಲ. ಬದುಕಿನಲ್ಲಿ ಮಾಡಿದ ಎಷ್ಟೋ ಕೆಲಸಗಳು ಸರಿಯೋ ತಪ್ಪೋ ಎಂದು ಇವತ್ತಿಗೂ ಲೆಕ್ಕ ಹಾಕುತ್ತಿರುತ್ತೇನೆ. ಆ ಶುಕ್ರವಾರ ಬೆಂಚಿನಿಂದ ಎದ್ದು ಒಳಗೆ ಹೋದದ್ದು ಆ ಲೆಕ್ಕದಲ್ಲಿ ಇಲ್ಲ.