ಕೈ ಮೇಲೆತ್ತಲು ಹೆದರಿದ ದಿನಗಳು

ದ್ರಾಕ್ಷಿ ಬೆಳೆಯುವವರ ಕೆಲಸವೆಲ್ಲ ತಲೆಯಿಂದ ಮೇಲೆ. ತಮಿಳುನಾಡಿನ ತೇನಿ ಜಿಲ್ಲೆಯ ಗೂಡಲೂರಿನ ಹೊರಗಿರುವ ನಮ್ಮ ತೋಟದಲ್ಲಿ ಬಳ್ಳಿ ಹಬ್ಬಿರುವುದು ಕಲ್ಲುಕಂಬಗಳ ಮೇಲೆ ಬಿಗಿದ ತಂತಿಯ ಚಪ್ಪರಕ್ಕೆ. ಸವರಲು, ಕಟ್ಟಲು, ಗೊಂಚಲು ಕೊಯ್ಯಲು, ಎಲ್ಲಕ್ಕೂ ಕೈ ಎತ್ತಿ ನಿಲ್ಲಬೇಕು. ಹಾಗೆ ನಿಂತು ಬಳ್ಳಿ ಸವರುತ್ತಿದ್ದಾಗಲೇ ನನಗೆ ಎದೆ ಹಿಡಿದುಕೊಂಡಿತು. ಕತ್ತರಿ ಕೈಯಿಂದ ಜಾರಿದ್ದು ಗೊತ್ತು. ಆಮೇಲಿನದು ಗೊತ್ತಿಲ್ಲ.

ಮಧುರೆಯಲ್ಲಿ ಬೈಪಾಸ್ ಆಯಿತು. ಎದೆಮೂಳೆಯನ್ನು ನಡುವೆ ಸೀಳಿ, ಆಮೇಲೆ ತಂತಿ ಹಾಕಿ ಬಿಗಿದಿದ್ದೇವೆ ಎಂದರು ಡಾಕ್ಟರು. ಮೂಳೆ ಕೂಡುವವರೆಗೆ ಕೈ ಭುಜಕ್ಕಿಂತ ಮೇಲೆ ಹೋಗಬಾರದು, ಭಾರ ಎತ್ತಬಾರದು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿಕೊಳ್ಳಬೇಕು. ಅವರು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಪಾಲಿಸಿದೆ. ಅಂಗಿ ತೊಡಿಸುವುದು, ತಲೆ ಬಾಚುವುದು ಎಲ್ಲ ಹೆಂಡತಿ. ಅವಳು ನನ್ನ ಸೋದರಮಾವನ ಮಗಳು. ಮದುವೆಗೆ ಮೊದಲಿನಿಂದಲೂ ನನ್ನನ್ನು ಬಾವ ಎಂದೇ ಕರೆಯುತ್ತಾಳೆ. ನಾನು ಸೀನಿದರೂ ಅಡುಗೆಮನೆಯಿಂದ ಓಡಿಬರುತ್ತಿದ್ದಳು.

ಮೂಳೆ ಕೂಡಿದೆ ಎಂದಾದ ಮೇಲೆ ವ್ಯಾಯಾಮಕ್ಕೆಂದು ತೇನಿಯ ಒಂದು ಆಸ್ಪತ್ರೆಗೆ ಕಳಿಸಿದರು. ಬೆಲ್ಟಿನ ಮೇಲೆ ನಡೆಯುವುದು, ನಿಂತಲ್ಲೇ ಸೈಕಲ್ ತುಳಿಯುವುದು, ಇವೆರಡೂ ಕಷ್ಟವಾಗಲಿಲ್ಲ. ಆದರೆ ಫಿಸಿಯೋಥೆರಪಿಯ ಹುಡುಗಿ ಒಂದು ಕೋಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿ ಎಂದಾಗ ನನ್ನ ಕೈಗಳು ಗಲ್ಲದವರೆಗೆ ಹೋಗಿ ನಿಂತುಬಿಟ್ಟವು. ನೋವಿರಲಿಲ್ಲ. ತಂತಿ ಕಿತ್ತು ಎದೆ ಎರಡು ಹೋಳಾಗುತ್ತದೆ ಎಂಬ ಭಯ.

"ಪಯಪ್ಪಡಾದೀಂಗ ಅಯ್ಯಾ," ಎಂದಳು ಹುಡುಗಿ. ಹೆದರಬೇಡಿ ಎನ್ನುವುದು ಸುಲಭ.

ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಕೋಲು ಹಣೆಯವರೆಗೆ ಏರಿತು. ಅಷ್ಟರಲ್ಲಿ ಎದೆಯೊಳಗೆ ಟಕ್ ಎಂದಿತು. ನನಗೆ ಮಾತ್ರವಲ್ಲ, ಹುಡುಗಿಗೂ ಕೇಳಿಸಿತು. ಕೋಲು ಬಿಟ್ಟು ಎದೆಯನ್ನು ಎರಡೂ ಕೈಯಿಂದ ಅವುಚಿಕೊಂಡೆ. ಬಾಗಿಲ ಬಳಿ ಕುಳಿತಿದ್ದ ಹೆಂಡತಿ ನುಗ್ಗಿಬಂದಳು.

"ಬುಡಿ ಬಾವಾ, ಸಾಕು ಬುಡಿ! ಅವಳ್ಗೇನು, ಹೋಗೋ ಉಸ್ರು ನಮ್ಮನೇದು!"

ಮೂಳೆ ಅಲುಗುತ್ತದೆಯೇ ಎಂದು ನೋಡಲು ಹುಡುಗಿ ನನ್ನ ಎದೆಯ ಮೇಲೆ ಅಂಗೈ ಇಟ್ಟು ಕೆಮ್ಮಿ ಎಂದಳು. ಕೆಮ್ಮಲು ಧೈರ್ಯ ಬರಲಿಲ್ಲ. ಮತ್ತೆ ಹೇಳಿದಳು. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಕೆಮ್ಮಿದೆ. ಅವಳು ಇಸಿಜಿಗೆ, ಎಕ್ಸರೇಗೆ ಕಳಿಸಿದಳು. ಫಲಿತಾಂಶ ಬರುವವರೆಗೆ ನಾನೂ ಹೆಂಡತಿಯೂ ಬೆಂಚಿನ ಮೇಲೆ ಕುಳಿತೆವು. ಅವಳ ಕೈ ಹಿಡಿಯಬೇಕೆನಿಸಿತು. ಎದೆಯ ಮೇಲಿನ ನನ್ನ ಕೈ ತೆಗೆಯಲಾಗಲಿಲ್ಲ.

ಡಾಕ್ಟರು ಬಂದರು. ಮೂಳೆ ಗಟ್ಟಿಯಾಗಿದೆ, ತಂತಿ ಅದರ ಜಾಗದಲ್ಲೇ ಇದೆ, ಹೃದಯದಲ್ಲಿ ತೊಂದರೆಯಿಲ್ಲ. ಬಹಳ ದಿನ ಅಲುಗಾಡಿಸದೆ ಬಿಗಿದುಹೋಗಿದ್ದ ಪಕ್ಕೆಯ ಕೀಲು ಸಡಿಲವಾದ ಸದ್ದು ಅದು ಎಂದರು.

ಸಮಾಧಾನವಾಗಬೇಕಿತ್ತು. ಆದರೆ ಬಸ್ಸು ಹತ್ತಿದೊಡನೆ ಹೆಂಡತಿ ಸಿಡಿದಳು.

"ಇನ್ನು ಬರೋದು ಬ್ಯಾಡ. ತೋಟ ಗುತ್ತಿಗೆ ಕೊಟ್ಬುಡಾಣ. ನೀವು ಮನೇಲಿ ಕುಂತಿದ್ರೆ ಸಾಕು."

"ಸುಮ್ಕೆ ಕುಂತ್ಕಳಾಕಾ ಎದೆ ಕುಯ್ಸ್ಕಂಡಿದ್ದು?"

ನನ್ನ ದನಿ ಏರಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಬಂ ಪಟ್ಟಣ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅವತ್ತು ಪಕ್ಕದ ಸಾಲ್ನಾಗೆ ನಾನಿದ್ದೆ ಬಾವಾ. ನೀವು ಕೈ ಎತ್ಗಂಡಿದ್ದಂಗೇ ಬಿದ್ರಿ. ಇಲ್ಲಿ ಆ ಹುಡ್ಗಿ ಎತ್ತಿ ಅಂದಾಗೆಲ್ಲ ಅದೇ ಕಾಣ್ತೈತೆ."

ಅಷ್ಟು ದಿನ ಹೆದರಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ.

ಮುಂದಿನ ಸಲ ಹೋದಾಗ ಹುಡುಗಿಗೆ ಇದನ್ನು ಹೇಳಿದೆ. ಅವಳು ಹೆಂಡತಿಯನ್ನು ಒಳಗೆ ಕರೆದು ನನ್ನೆದುರು ನಿಲ್ಲಿಸಿ, ಒಂದೇ ಕೋಲನ್ನು ಇಬ್ಬರಿಗೂ ಹಿಡಿಸಿದಳು. ಇಬ್ಬರೂ ಕೋಲನ್ನು ಮೆಲ್ಲಗೆ ಎತ್ತಿದೆವು. ಗಲ್ಲ, ಹಣೆ ದಾಟಿತು. ಅವಳು ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕೋಲು ನಮ್ಮಿಬ್ಬರ ತಲೆಯ ಮೇಲೆ ನಿಂತಿತು.

"ನೋವಾ?"

"ಭುಜ ಎಳೀತೈತೆ. ಅಷ್ಟೇ."

ಅವಳು ಕೋಲು ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ನಾನು ಕೈ ಇಳಿಸುವುದನ್ನೇ ಮರೆತು ನಿಂತಿದ್ದೆ.

ಈಗ ಸವರಲು ಆಳುಗಳಿದ್ದಾರೆ. ಡಾಕ್ಟರ ಒಪ್ಪಿಗೆ ಪಡೆದು ಬೆಳಿಗ್ಗೆ ತಂಪಿರುವಾಗ ನಾನೂ ಒಂದಿಷ್ಟು ಸವರಿ, ದಣಿವು ಕಂಡೊಡನೆ ಕೂರುತ್ತೇನೆ. ಹೆಂಡತಿ ಆ ಹೊತ್ತಿಗೆ ತೋಟಕ್ಕೆ ಬರುವುದಿಲ್ಲ, ನೋಡಲಾಗದು ಎನ್ನುತ್ತಾಳೆ. ಸ್ವಲ್ಪ ತಡವಾದರೆ ಫೋನ್ ಬರುತ್ತದೆ.

"ಮೂಚ್ಚು ಸರಿಯಾಗ್ ಬರ್ತೈತಾ ಬಾವಾ?"

ಉಸಿರು ಸರಿಯಾಗೇ ಬರುತ್ತಿದೆ ಎನ್ನುತ್ತೇನೆ. ಅವಳು ಫೋನ್ ಇಡುವುದಿಲ್ಲ. ನನ್ನ ಉಸಿರನ್ನು ತಾನೇ ಒಂದಷ್ಟು ಹೊತ್ತು ಕೇಳಿಸಿಕೊಳ್ಳುತ್ತಾಳೆ.