ಜೀನ್ ಓದುವ ಡಾಕ್ಟರಮ್ಮ

ಬನ್ನಿಮಂಟಪದ ಲ್ಯಾಬಿನಲ್ಲಿ ಆ ಡಾಕ್ಟರಮ್ಮ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ರೋಗಿಗಳ ಜೀನ್‌ಗಳನ್ನು ಕಂಪ್ಯೂಟರಿನಲ್ಲಿ ಓದುವುದು ಅವರ ಕೆಲಸ. ಕಾಫಿ ಆರಿ ತಣ್ಣಗಾದರೂ ಗೊತ್ತಾಗುತ್ತಿರಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ರೋಗಿಗಳ ಮನೆಯವರನ್ನು ವಿಚಾರಿಸುತ್ತಿದ್ದರು. "ನಾನು ಕೇಳೋದು ಬೈಯೋಕಲ್ಲ, ಹುಡುಕೋಕೆ" ಎನ್ನುವುದು ಅವರ ಮಾಮೂಲಿ ಮಾತು.

ಒಮ್ಮೆ ಅಜ್ಜಿಯೊಬ್ಬರು ಮಗಳ ಮಗುವನ್ನು ಎತ್ತಿಕೊಂಡು ಬಂದರು. ಮಗುವಿಗೆ ಪದೇ ಪದೇ ಫಿಟ್ಸ್. ಕಾರಣ ಎಲ್ಲೂ ಸಿಕ್ಕಿರಲಿಲ್ಲ.

"ಮಗುವಿನ ಅಪ್ಪ ಅಮ್ಮ ಸಂಬಂಧಿಕರಾ?"

"ಇಲ್ಲ ಕಣವ್ವ, ಹೊರಗಿನ ಸಂಬಂಧ."

ಮಗುವಿನ ರಕ್ತದಿಂದ ಬಂದ ರಾಶಿ ಮಾಹಿತಿ ಬೇರೆಯೇ ಹೇಳಿತು. ತಾಯಿಯಿಂದ ಬಂದ ಜೀನ್‌ಗಳೂ ತಂದೆಯಿಂದ ಬಂದವೂ ಎಷ್ಟೋ ಕಡೆ ಉದ್ದಕ್ಕೂ ಒಂದೇ ಥರ ಇದ್ದವು. ಇಷ್ಟೊಂದು ಕಡೆ ಹೀಗಿದ್ದರೆ ಅಪ್ಪ ಅಮ್ಮ ತೀರಾ ಹತ್ತಿರದ ರಕ್ತಸಂಬಂಧಿಗಳು, ಬಹುಶಃ ಸೋದರಮಾವನನ್ನೇ ಮದುವೆಯಾದದ್ದು. ಡಾಕ್ಟರಮ್ಮ ನಕ್ಕರು.

"ಅಜ್ಜಿ, ಮಗಳನ್ನ ನಿಮ್ಮ ತಮ್ಮನಿಗೇ ಕೊಟ್ಟಿದೀರಲ್ವಾ?"

"ಹೂಂ ಕಣವ್ವ. ಹೋದ ಕಡೆಯೆಲ್ಲಾ ಬೈದ್ಬುಟ್ರು, ಅದಕ್ಕೇ ಹೇಳ್ಲಿಲ್ಲ."

ಹಾಗೆ ಒಂದೇ ಥರ ಇದ್ದ ಜಾಗಗಳಲ್ಲೇ ಹುಡುಕಿ, ಕೆಟ್ಟಿದ್ದ ಜೀನನ್ನು ಡಾಕ್ಟರಮ್ಮ ಹಿಡಿದೇಬಿಟ್ಟರು. ಅದು ಕೆಟ್ಟಿದ್ದರಿಂದ ಮಗುವಿನ ಮೈಗೆ ಒಂದು ವಿಟಮಿನ್ ಸಾಲುತ್ತಿರಲಿಲ್ಲ; ದಿನಾ ಅದರದೊಂದು ಮಾತ್ರೆ ಕೊಟ್ಟ ಮೇಲೆ ಫಿಟ್ಸ್ ನಿಂತಿತು.

ಆಮೇಲೊಂದು ದಿನ ಅಜ್ಜಿ ತಮ್ಮ ಬೀದಿಯ ಇನ್ನೊಬ್ಬ ತಾಯಿಯನ್ನು ಕರೆತಂದರು. ಆಕೆ ಬಾಗಿಲಲ್ಲೇ ಹಿಂಜರಿದಾಗ ಅಜ್ಜಿ ಬೆನ್ನು ತಟ್ಟಿದರು.

"ನಿಜ ಹೇಳ್ಬುಡು ಕಣಮ್ಮ. ಇವ್ರು ಕೇಳೋದು ಬೈಯೋಕಲ್ಲ, ಹುಡುಕೋಕೆ."