ಗಿಡ್ಡ ಬಾಲದ ಮಿಲಿಟರಿ ಗಾಡಿ

2023ರ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ, ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆ ಬದಿಯ ಹಳೇ ವಾಹನಗಳ ಅಂಗಳದಲ್ಲಿ ನನ್ನ ಅಕ್ಕ ಮತ್ತು ಅವಳ ಗಂಡ ಒಂದು ಲಾರಿ ಆರಿಸಿಕೊಂಡರು. ಸೈನ್ಯ ಹರಾಜಿನಲ್ಲಿ ಹೊರಹಾಕಿದ ಮೂರು ಲಾರಿಗಳು ಅಲ್ಲಿದ್ದವು. ಇವರು ಆರಿಸಿದ್ದು ಮೂರರಲ್ಲಿ ಚಿಕ್ಕದನ್ನು. ಅದರ ಬಣ್ಣ ಕಿತ್ತುಹೋಗಿತ್ತು, ಎಡಗಡೆ ಬಾಗಿಲು ಇರಲಿಲ್ಲ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವನು ಹುಡುಗನಾಗಿದ್ದಾಗಿನಿಂದ ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ಲಾರಿಗೆ ಪರ್ಸಿ ತುಂಬಿದವನು. ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿಗೆ ನಮ್ಮಲ್ಲಿ ಪರ್ಸಿ ಎನ್ನುತ್ತಾರೆ. ಮದುವೆಯಾದ ಮೇಲೆ ಸೇಡಂಗೆ ಬಂದು ನೆಲೆಸಿದ ಇಬ್ಬರೂ ಭಾರ ಎತ್ತುವ ಕೆಲಸ ಹಿಡಿದರು. ಅವರ ಬಳಿ ಇದ್ದದ್ದು ಮೂರು ಕಬ್ಬಿಣದ ಕೊಳವೆಗಳ ಒಂದು ಮುಕ್ಕಾಲಿ, ಒಂದು ಚೈನ್ ಪುಲ್ಲಿ, ಒಂದಿಷ್ಟು ಹಗ್ಗ. ಬಾವಿಗೆ ಬಿದ್ದ ಮೋಟಾರು, ಹಳ್ಳಕ್ಕಿಳಿದ ಟ್ರ್ಯಾಕ್ಟರು, ಹೊಲದಲ್ಲಿ ಕುಸಿದ ತೊಗರಿ ರಾಶಿ ಮಷೀನು, ಯಾವುದೇ ಇರಲಿ, ಮಾಮಾ ಸರಪಳಿ ಎಳೆಯುತ್ತಿದ್ದ. ಅಕ್ಕ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತ ಕೂಗಿ ಹೇಳುತ್ತಿದ್ದಳು. ಅವಳು ಹೇಳದೆ ಅವನು ಒಂದು ಕೊಂಡಿಯನ್ನೂ ಎಳೆಯುತ್ತಿರಲಿಲ್ಲ. ಇದನ್ನು ನಾನು ಹಲವು ಸಲ ಕಣ್ಣಾರೆ ನೋಡಿದ್ದೇನೆ.

ಅಪಘಾತವನ್ನು ನೋಡಿಲ್ಲ. ಅಕ್ಕ ಹೇಳಿದ್ದನ್ನು ಬರೆಯುತ್ತಿದ್ದೇನೆ. ಲಾರಿ ಕೊಳ್ಳುವುದಕ್ಕೆ ಹಿಂದಿನ ಮಳೆಗಾಲದಲ್ಲಿ, ಕಾಗಿಣಾ ಹೊಳೆಯ ಹತ್ತಿರದ ಒಂದು ಹೊಲದ ಬಾವಿಯಿಂದ ಮೋಟಾರು ಎತ್ತುತ್ತಿದ್ದರು. ಅದು ನೀರು ಬಿಟ್ಟು ಮೇಲೆ ಬಂದಿತ್ತು. ನೆನೆದ ಎರೆಮಣ್ಣಿನಲ್ಲಿ ಮುಕ್ಕಾಲಿಯ ಒಂದು ಕಾಲು ಜಾರಿತು. ಸರಪಳಿ ತಿರುಗಿ ಓಡಿತು. ಮಾಮಾನ ಬಲಗೈ ಬೆರಳುಗಳು ಸರಪಳಿಗೂ ಗಾಲಿಗೂ ನಡುವೆ ಸಿಕ್ಕವು. ಮೋಟಾರು ಮತ್ತೆ ನೀರಿಗೆ ಬಿತ್ತು. ಕೈ ಉಳಿಯಿತು, ಗಾಯ ಮಾಯಿತು, ಆದರೆ ಹಿಡಿತ ಮರಳಿ ಬರಲಿಲ್ಲ. ಸರಪಳಿ ಎಳೆಯುವ ಕೆಲಸ ಅಲ್ಲಿಗೆ ಮುಗಿಯಿತು.

ಸಿಮೆಂಟ್ ಕಾರ್ಖಾನೆಗಳ ಸುತ್ತ ಬಾಡಿಗೆ ಕ್ರೇನುಗಳಿಗೆ ಬರವಿಲ್ಲ. ಆದರೆ ಅವು ಡಾಂಬರು ರಸ್ತೆ, ಗಟ್ಟಿ ಅಂಗಳದ ಯಂತ್ರಗಳು. ಒಂದು ಮಳೆಯಾದ ಎರೆಹೊಲಕ್ಕೆ ಇಳಿದರೆ ಅವನ್ನೇ ಎತ್ತಬೇಕಾಗುತ್ತದೆ. ಅಕ್ಕನ ಗಿರಾಕಿಗಳೆಲ್ಲ ಹೊಲದವರು. ನಾಲ್ಕೂ ಗಾಲಿ ಎಳೆಯುವ, ತನ್ನದೇ ಉಕ್ಕಿನ ಹಗ್ಗ ಸುತ್ತುವ ಯಂತ್ರವಿರುವ ಮಿಲಿಟರಿ ಗಾಡಿ ಸಿಕ್ಕರೆ ಮಾಮಾ ಕೂತಲ್ಲಿಂದ ಹಿಡಿಕೆ ಎಳೆದು ಭಾರ ಎತ್ತಬಹುದು. ಸಿಗದಿದ್ದರೆ ಯುಗಾದಿ ಆದಮೇಲೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಹೋಗುವುದೆಂದು ಮಾತಾಗಿತ್ತು. ನೀಲಿ ಅಂಗಿ, ಟೋಪಿ, ದಾರಕ್ಕೆ ಕಟ್ಟಿದ ಸೀಟಿ ಮನೆಗೆ ಬಂದಿದ್ದವು. ಅವನ್ನು ಗೂಟಕ್ಕೆ ನೇತುಹಾಕಿದ್ದರು. ಮಾಮಾ ಅವುಗಳ ಕಡೆ ಬೆನ್ನು ಮಾಡಿ ಕೂತು ಊಟ ಮಾಡುತ್ತಿದ್ದ.

“ಯಾರರ ಬಂದ್ರ ಗೇಟ್ ತೆಗಿ, ಹೋದ್ರ ಹಾಕು. ಇದೇನು ಕೆಲಸೇನು ತಮ್ಮಾ?” ಎಂದು ನನ್ನನ್ನು ಕೇಳಿದ್ದ. “ನಾ ಎತ್ತಾವ. ನಿಂದ್ರಸಾವಲ್ಲ.”

ಕಾಗದಪತ್ರ ನೋಡಲು ಅವರು ನನ್ನನ್ನು ಕಲಬುರಗಿಯಿಂದ ಕರೆಸಿಕೊಂಡಿದ್ದರು. ಅಂಗಳದ ಮಾಲೀಕ, ಎಲ್ಲರೂ ಸೇಠ್ ಎನ್ನುವ ಹಿರಿಯ, ಹತ್ತು ಗಂಟೆಗೆ ಬರಲು ಹೇಳಿದ್ದ. ಅಕ್ಕ ನಮ್ಮನ್ನು ಆರೂವರೆಗೇ ಅಲ್ಲಿಗೆ ಮುಟ್ಟಿಸಿದಳು. ನಮ್ಮ ಅಪ್ಪ ಎತ್ತು ಕೊಳ್ಳುವಾಗ ಹೀಗೇ ಮಾಡುತ್ತಿದ್ದ. ಎತ್ತು ಮಲಗಿರುವಾಗಲೇ ಹೋಗಬೇಕು, ಅದು ತಾನಾಗಿ ಏಳುವುದನ್ನು ನೋಡಬೇಕು. ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿದ ಮೇಲೆ ಎಲ್ಲ ಎತ್ತುಗಳೂ ಒಂದೇ ಥರ ಕಾಣುತ್ತವೆ ಎನ್ನುತ್ತಿದ್ದ.

ಮೂರು ಲಾರಿಗಳೂ ಸಾಲಾಗಿ ನಿಂತಿದ್ದವು. ನಂಬರ್ ಪ್ಲೇಟಿನಲ್ಲಿ ಸೈನ್ಯದ ಗುರುತಾದ, ಮೇಲ್ಮುಖವಾದ ಬಾಣ ಇನ್ನೂ ಇತ್ತು. ಮೊದಲನೆಯದಕ್ಕೆ ಹೊಸ ಬಣ್ಣ ಬಳಿದಿದ್ದರು, ಕೂರುವ ಗಾದಿಯೂ ಹೊಸದು. ಎರಡನೆಯದು ಬಹಳ ಉದ್ದ, ಟೈರುಗಳೂ ಚೆನ್ನಾಗಿದ್ದವು. ಮೂರನೆಯದು ಇವೆರಡರ ಪಕ್ಕದಲ್ಲಿ ಬೈಸಿಕೊಂಡ ಹಾಗೆ ನಿಂತಿತ್ತು.

ಅಕ್ಕ ನೇರವಾಗಿ ಮೊದಲನೆಯದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಸೇಠ್ ಹಲ್ಲುಜ್ಜುತ್ತ ಹೊರಗೆ ಬಂದ.

“ಸೇಠ್‌ಜಿ, ಇದಕ್ಕ ಜ್ವರ ಬಂದದೇನ್ರಿ? ಮೈ ಬೆಚ್ಚಗದ ನೋಡ್ರಿ.”

ಸೇಠ್ ಬಾಯಿ ತೊಳೆದು ಬಂದು ನಕ್ಕ. “ಅರೇ ಅಕ್ಕಾ, ಹತ್ತಕ್ಕ ಬರ್ರಿ ಅಂದ್ರ ಕೋಳಿ ಕೂಗೂದ್ರಾಗ ಬಂದೀರಿ. ಜರಾ ಚಾಲೂ ಮಾಡಿ ಇಟ್ಟೀನ್ರಿ. ಥಂಡಿ ಅದ ಅಲ್ಲ?”

“ಥಂಡಿ ಅದಕ್ಕೇನ್ರಿ? ಹಿಮಾಲಯದಾಗ ಇದ್ದು ಬಂದದ ಅಂತ ನೀವೇ ಹೇಳೀರಿ.”

ಸೇಠ್ ಚಹಾ ತರಲು ಒಳಗೆ ಕೂಗಿ ಹೇಳಿದ. ಮೊದಲೇ ಬೆಚ್ಚಗೆ ಮಾಡಿಟ್ಟ ಎಂಜಿನ್ ತಣ್ಣಗಿದ್ದಾಗ ಹೊತ್ತಿಕೊಳ್ಳುತ್ತದೋ ಇಲ್ಲವೋ ತಿಳಿಯುವಂತಿರಲಿಲ್ಲ. ಅಕ್ಕನ ದೃಷ್ಟಿಯಲ್ಲಿ ಹೊಸ ಬಣ್ಣದ ಗಾಡಿಯ ವಿಷಯ ಮುಗಿದಿತ್ತು. ಉಳಿದೆರಡರ ಬೆಲೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮುಂದಿನ ಜಗಳ ಬೆಲೆಯದಲ್ಲ.

ಜಗಳ ಗಂಡ ಹೆಂಡತಿಯ ನಡುವಿನದು. ಅಷ್ಟರಲ್ಲಿ ಮಾಮಾ ಉದ್ದದ ಲಾರಿಯ ಹಿಂದೆ ಹತ್ತಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಗೇಣು ಹಾಕಿ ಅಳೆಯತೊಡಗಿದ್ದ. ಅವನ ಮುಖ ಅರಳಿತ್ತು. ಪರ್ಸಿ ತುಂಬುವ ಊರಿನವರು ಲಾರಿ ನೋಡುವುದೇ ಹಾಗೆ. ಎಂಜಿನ್ ನೋಡುವ ಮೊದಲು ಹಿಂದೆ ಎಷ್ಟು ಸಾಲು ಕಲ್ಲು ನಿಲ್ಲುತ್ತವೆ ಎಂದು ಲೆಕ್ಕ ಹಾಕುತ್ತಾರೆ.

“ಇಂಥದ್ದು ಸಿಗಂಗಿಲ್ಲ. ಬಾ ಇಲ್ಲಿ, ನೋಡು. ಏನ್ ಜಾಗಾ ಅದ!” ಎಂದ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೆಳಗೇ ನಿಂತಳು. “ಮದುವಿ ದಿಬ್ಬಣ ಒಯ್ಯಾವರೇನ್ರಿ? ನಾವು ಹೊರೂದಲ್ಲ, ಎತ್ತೂದು. ಕೆಳಗ ಇಳೀರಿ.”

“ಜಾಗಾ ಇದ್ದಷ್ಟು ಛಲೋ ಅಲ್ಲೇನು?”

“ಹಿಂದಿನ ಗಾಲಿ ಎಲ್ಲದ, ಬಾಲ ಎಲ್ಲದ, ನೋಡ್ರಿ. ಬಾಲಕ್ಕ ಭಾರ ಕಟ್ಟಿದ್ರ ಮೂತಿ ಮ್ಯಾಲ ಹೋಗ್ತದ. ಮುಕ್ಕಾಲಿ ಜಾರಿದ್ದು ಸಾಲಲಿಲ್ಲೇನು ನಿಮಗ?”

ಮಾಮಾ ಇಳಿಯಲಿಲ್ಲ. ತಾನು ಇಷ್ಟು ವರ್ಷ ಕಂಡ ಲಾರಿಗಳ ಬಗ್ಗೆ ಮೇಲಿನಿಂದಲೇ ಹೇಳುತ್ತ ನಿಂತ. ಅಕ್ಕ ಅವನನ್ನು ಬಿಟ್ಟು ಸೇಠ್ ಕಡೆ ತಿರುಗಿದಳು. ಅಂಗಳದಲ್ಲಿ ಹಳೆಯ ಕಲ್ಲುಪುಡಿ ಯಂತ್ರದ ಒಂದು ದಪ್ಪ ಕಬ್ಬಿಣದ ತುಂಡು ಬಿದ್ದಿತ್ತು. ಗುಜರಿ ಎತ್ತಿಡಲು ಸೇಠ್ ಒಂದು ಸಣ್ಣ ಕ್ರೇನ್ ಇಟ್ಟುಕೊಂಡಿದ್ದ.

“ಆ ಕಬ್ಬಿಣ ಎತ್ತಿ ಇದರ ಬಾಲದ ಮ್ಯಾಲ ಇಡಸ್ರಿ. ಆಮ್ಯಾಲ ಆ ಸಣ್ಣದರ ಮ್ಯಾಲ ಇಡಸ್ರಿ. ಯಾವುದು ತಲಿ ಎತ್ತಂಗಿಲ್ಲೋ ಅದನ್ನ ಒಯ್ತೀವಿ.”

“ಅಕ್ಕಾ, ಇದೇನು ಗಾಡಿನೋ, ಎತ್ತಿನ ಸಂತಿನೋ?”

“ಎರಡೂ ಒಂದೇ ಅವ ತಗೋರಿ. ಎರಡಕ್ಕೂ ಮಾಲೀಕ ಸುಳ್ಳ ಹೇಳ್ತಾನ.”

ಸೇಠ್‌ಗೆ ಈ ಮಾತು ಹಿಡಿಸಿತು. ಅವನೇ ಕ್ರೇನಿನವನನ್ನು ಕೂಗಿದ. ಮಾಮಾನನ್ನು ಇಳಿಸಿ, ಕಬ್ಬಿಣವನ್ನು ಉದ್ದದ ಲಾರಿಯ ಬಾಲದ ತುದಿಗೆ ಇಳಿಸಿದರು. ನಾನು ಮುಂದಿನ ಬಂಪರ್ ಹತ್ತಿರ ನಿಂತಿದ್ದೆ. ಮುಂದಿನ ಸ್ಪ್ರಿಂಗುಗಳು ಕಿರುಗುಟ್ಟುತ್ತ ತೆರೆದುಕೊಂಡವು. ಬಂಪರ್ ನನ್ನ ಮೊಣಕಾಲಿನಿಂದ ತೊಡೆಯ ತನಕ ಏರಿತು. ಚಿಕ್ಕ ಲಾರಿಗೆ ಅದೇ ತುಂಡು ಇಟ್ಟಾಗ ಅದು ಹಿಂದೆ ಸ್ವಲ್ಪ ಕೂತಿತು, ಮುಂದೆ ಅಷ್ಟೇನೂ ಅಲ್ಲಾಡಲಿಲ್ಲ. ಅದರ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಎಳೆತವಿತ್ತು, ಅದಕ್ಕೆ ಬೇಕಾದ ಕಬ್ಬಿಣವೆಲ್ಲ ಮೂತಿಯಲ್ಲೇ ಇತ್ತು. ಬಂಪರಿನ ಹಿಂದೆ ಉಕ್ಕಿನ ಹಗ್ಗದ ಉರುಳೆಯೂ ಇತ್ತು, ತುಕ್ಕು ಹಿಡಿದು ಬಿಗಿದುಕೊಂಡಿತ್ತು.

ತಣ್ಣಗಿದ್ದ ಎಂಜಿನ್ ಮೂರನೇ ಸಲಕ್ಕೆ ಹೊತ್ತಿಕೊಂಡು, ಅಂಗಳದ ತುಂಬ ಕಪ್ಪು ಹೊಗೆ ಬಿಟ್ಟಿತು. ಅಕ್ಕ ಕೆಮ್ಮುತ್ತಲೇ ಮಾಮಾನ ಮುಖ ನೋಡಿದಳು. ಅವನು ಬಂಪರಿನ ಹತ್ತಿರ ಹೋಗಿ, ಎಡಗೈಯಿಂದ ನಂಬರ್ ಪ್ಲೇಟಿನ ಧೂಳು ಒರೆಸಿ, ಬಾಣ ತೋರಿಸಿದ.

“ನೋಡಲೇ, ಇದೂ ಮ್ಯಾಲೇ ತೋರಸ್ತದ. ಎತ್ತೂ ಗಾಡಿನೇ ಇದು.”

“ಈಗ ಕಾಣ್ತೇನು?” ಎಂದಳು ಅಕ್ಕ.

ಹರಾಜಿನ ಕಾಗದಗಳನ್ನು ನಾನು ಓದಿದೆ. ಸರಿಯಿದ್ದವು. ನನ್ನ ಕೆಲಸ ಅಷ್ಟೇ.

ಲಾರಿ ಸೇಡಂಗೆ ಬಂದ ಮೇಲೆ ನಡೆದದ್ದನ್ನು ನಾನು ಭಾನುವಾರಗಳಲ್ಲಿ ಹೋದಾಗ ನೋಡಿದೆ. ಬಿಗಿದುಕೊಂಡ ಉರುಳೆಗೆ ಮಾಮಾ ಸೀಮೆಎಣ್ಣೆ, ಹಳೇ ಆಯಿಲ್ಲು ಹೊಯ್ದು, ಎರಡು ಬೆರಳು ಮಡಿಯದ ಕೈಯಲ್ಲೇ ಅದನ್ನು ಬಿಚ್ಚಿ ಜೋಡಿಸಿದ. ಶಹಾಬಾದಿನ ವೆಲ್ಡಿಂಗ್ ಅಂಗಡಿಯಲ್ಲಿ ಹಿಂಭಾಗಕ್ಕೆ ಕಬ್ಬಿಣದ ತೊಲೆಗಳ ಚಾಚುತೋಳು ಕೂರಿಸಿ, ಹಗ್ಗವನ್ನು ಅದರ ಮೇಲಿಂದ ಹಿಂದಕ್ಕೆ ತಂದರು. ಸೈನ್ಯದ ಹಸಿರು ಬಣ್ಣ ಖಾಸಗಿ ಗಾಡಿಗೆ ಇರಬಾರದು. ಅಕ್ಕ ಅರಿಸಿನ ಬಣ್ಣ ಹಚ್ಚಿಸಿದಳು. ಬಾಣವನ್ನೂ ಅಳಿಸಬೇಕಾಯಿತು. ನೋಂದಣಿ ಮುಗಿಯುವಷ್ಟರಲ್ಲಿ ಯುಗಾದಿ ದಾಟಿತು. ಕಾರ್ಖಾನೆಯವರು ಎರಡು ಸಲ ಹೇಳಿಕಳಿಸಿದರು. ಮಳೆ ಬೀಳುವ ತನಕ ತಡೆಯಿರಿ ಎಂದು ಅಕ್ಕ ಕೇಳಿಕೊಂಡಳು.

ಮೊದಲ ಕೆಲಸಕ್ಕೆ ಅವಳು ಆರಿಸಿದ್ದು ಕಾಗಿಣಾ ಹತ್ತಿರದ ಅದೇ ಬಾವಿಯನ್ನು. ಹೊಲದ ಮಾಲೀಕ ಆಗಲೇ ಬೇರೆ ಮೋಟಾರು ಹಾಕಿಸಿದ್ದ. “ಆ ಹಳೇದು ತಗೊಂಡು ನಾ ಏನ್ ಮಾಡ್ಲಿ ತಂಗಿ?” ಎಂದ.

“ನೀವೇನೂ ಮಾಡಬ್ಯಾಡ್ರಿ ಕಾಕಾ. ನಮ್ಮವರಿಗೆ ಅದು ಬೇಕಾಗ್ಯದ,” ಎಂದಳು.

ಆ ದಿನ ನಾನಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಲಾರಿ ನಾಲ್ಕೂ ಗಾಲಿಗಳಿಗೆ ಮಣ್ಣು ಮೆತ್ತಿಕೊಂಡು, ಎಲ್ಲೂ ಹೂತುಹೋಗದೆ ಬಾವಿಯ ಹತ್ತಿರ ಬಂತು. ಈಜು ಬಲ್ಲ ಇಬ್ಬರು ಹೊಲದಾಳುಗಳು ಬಾವಿಗಿಳಿದು, ಮೋಟಾರಿಗೆ ಕೊಕ್ಕೆ ಹಾಕಿ ಮೇಲೆ ಬಂದರು. ಕೆಸರಿನಲ್ಲಿ ಹೂತ ಮೋಟಾರು ಬಿಡಲಿಲ್ಲ. ಹಗ್ಗ ಬಿಗಿದ ಹಾಗೆ ಲಾರಿಯ ಮೂತಿ ಮೆಲ್ಲಗೆ ಏರಿತು. ಅಕ್ಕ ನಿಲ್ಲಿಸಲು ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಮಾಮಾಗೆ ಕೇಳಿಸಲಿಲ್ಲ. ನಾನು ಓಡಿಹೋಗಿ ಬಾಗಿಲಿಲ್ಲದ ಕಡೆಯಿಂದ ಹತ್ತಿ ಅವನ ತೋಳು ಹಿಡಿದೆ. ಆವತ್ತು ಅಷ್ಟಕ್ಕೇ ಬಿಟ್ಟರು. ನಾನು ಆ ರಾತ್ರಿ ಸೇಡಂನಲ್ಲೇ ಉಳಿದೆ.

ಮರುದಿನ ನಸುಕಿನಲ್ಲಿ ಎದ್ದಾಗ ಮಾಮಾ ಅಂಗಳದಲ್ಲಿದ್ದ. ಬಂಪರಿನ ಮುಂದೆ ಕಬ್ಬಿಣದ ಕೋನಪಟ್ಟಿಯ ಒಂದು ಚೌಕಟ್ಟು ಬಿಗಿದು, ಮನೆ ಹಿಂದೆ ಬಿದ್ದಿದ್ದ ಪರ್ಸಿಗಳನ್ನು ಅದರಲ್ಲಿ ಜೋಡಿಸುತ್ತಿದ್ದ. ಮಲಗಿಸಿ ಅಲ್ಲ, ನಿಲ್ಲಿಸಿ, ನಡುವೆ ಜೋಳದ ಸೊಪ್ಪೆ ತುರುಕಿ, ಖಣಿಯಲ್ಲಿ ತುಂಬುತ್ತಿದ್ದ ಹಾಗೆಯೇ. ಮಲಗಿಸಿದ ಪರ್ಸಿ ಕುಲುಕಾಟಕ್ಕೆ ಮುರಿಯುತ್ತದೆ, ನಿಂತದ್ದು ಮುರಿಯುವುದಿಲ್ಲ. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದಿರಲಿಲ್ಲ. ಅಕ್ಕ ಚಹಾ ಹಿಡಿದು ನೋಡುತ್ತ ನಿಂತಿದ್ದಳು.

“ಜಾಗಾ ಬೇಕಿತ್ತಲ್ಲ ನಿಮಗ? ಸಿಕ್ತೋ ಇಲ್ಲೋ?” ಎಂದಳು. ಮಾಮಾ ನಕ್ಕ. ಅವಳು ಒಳಗೆ ಹೋಗಿ, ಗೂಟದಲ್ಲಿದ್ದ ನೀಲಿ ಅಂಗಿಯ ಜೇಬಿನಿಂದ ಸೀಟಿ ತೆಗೆದು, ದಾರವನ್ನು ಕೊರಳಿಗೆ ಹಾಕಿಕೊಂಡು ಬಂದಳು.

ಮತ್ತೆ ಅದೇ ಬಾವಿಗೆ ಹೋಗಿ ಕೊಕ್ಕೆ ಹಾಕಿಸಿದೆವು. ಒಂದು ಊದಿದರೆ ಎಳೆಯುವುದು, ಎರಡು ಊದಿದರೆ ನಿಲ್ಲಿಸುವುದು ಎಂದು ಮಾತಾಯಿತು. ಅವಳು ಊದಿದಳು. ಹಗ್ಗ ಬಿಗಿಯಿತು. ಮೂತಿ ಏಳಲಿಲ್ಲ. ಕೆಳಗೆ ಕೆಸರು ಬಿಟ್ಟ ಸದ್ದು ನನಗೂ ಕೇಳಿಸಿತು. ಅವಳು ಎರಡು ಊದಿ ನಿಲ್ಲಿಸಿ, ತೂಗಾಟ ನಿಂತ ಮೇಲೆ ಮತ್ತೆ ಒಂದು ಊದಿದಳು. ಮೋಟಾರು ಪಾಚಿ ಸಮೇತ ಮೇಲೆ ಬಂದು ದಂಡೆಯ ಮೇಲೆ ಕೂತಿತು. ಮಾಮಾ ಎಂಜಿನ್ ಆರಿಸಿ, ಇಳಿದು ಬಂದು, ಅದನ್ನು ಒಂದು ಸುತ್ತು ಹಾಕಿ ನೋಡಿದ. ಕಾಲಿನಿಂದ ಮೆಲ್ಲಗೆ ಒದ್ದ.

“ಇನ್ನೊಂದ್ಸಲ ಒದೀರಿ. ನಾ ಬ್ಯಾಡ ಅನ್ನಂಗಿಲ್ಲ,” ಎಂದಳು ಅಕ್ಕ. ಹೊಲದ ಮಾಲೀಕ ಎಲ್ಲರಿಗೂ ಮಜ್ಜಿಗೆ ಕೊಟ್ಟ.

ನೀಲಿ ಅಂಗಿ ಮತ್ತು ಟೋಪಿಯನ್ನು ಆ ವಾರವೇ ಕಾರ್ಖಾನೆಗೆ ಹಿಂತಿರುಗಿಸಿದರು. ಸೀಟಿಯನ್ನು ಅವರು ಕೇಳಲಿಲ್ಲ.

ಕಳೆದ ವಾರ ಫೋನ್ ಮಾಡಿದಾಗ ಅವರು ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿ ಹಾದಿಯಲ್ಲಿ, ಹಳ್ಳಕ್ಕಿಳಿದ ಒಂದು ಟ್ರ್ಯಾಕ್ಟರ್ ಎತ್ತುತ್ತಿದ್ದರು. ಫೋನ್ ಎತ್ತಿದ್ದು ಮಾಮಾ. ಹಿಂದೆ ಎರಡು ಸಲ ಸೀಟಿ ಕೇಳಿಸಿತು. “ನಿಮ್ಮಕ್ಕ ನಿಂದ್ರಸು ಅನ್ಲಿಕತ್ತಾಳ, ಆಮ್ಯಾಲ ಮಾತಾಡ್ತೀನಿ,” ಎಂದು ಇಟ್ಟ.